ಓ ಓ ಅಂದರೆ ಸಾಕು: 'ವೊಲಾರೆ' ಯಾಕೆ ಇನ್ನೂ ಹಳೆಯದಾಗಿಲ್ಲ

ಅಕ್ಕನ ಮನೆಯಲ್ಲಿ ಒಂದು ಸಂಜೆ ಹಸಿ ಬಟಾಣಿ ಸುಲಿಯುತ್ತಾ ಕೂತಿದ್ದೆವು. ಫೋನಿನಲ್ಲಿ ಒಂದು ಹಳೇ ಇಟಾಲಿಯನ್ ಹಾಡು ಹಾಕಿದ್ದೆ. ಅಕ್ಕನ ಮಗಳಿಗೆ ಆರು ವರ್ಷ, ಇಟಾಲಿಯನ್ ಅನ್ನೋ ಒಂದು ಭಾಷೆ ಇದೆ ಅಂತಲೂ ಅವಳಿಗೆ ಗೊತ್ತಿಲ್ಲ. ಪಲ್ಲವಿ ಮೊದಲ ಸಲ ಬಂದಾಗ ಸುಮ್ನೆ ತಲೆ ಎತ್ತಿ ನೋಡಿದಳು. ಎರಡನೇ ಸಲ ಬಂದಾಗ ಕೈಯಲ್ಲಿದ್ದ ಬಟಾಣಿ ಕಾಯಿಯನ್ನು ಹಾಗೇ ಹಿಡಿದುಕೊಂಡು 'ಓ ಓ' ಅಂದಳು. ಆಮೇಲೆ ಮೊದಲ ಸಾಲಿಗೆ ಎರಡು 'ಓ', ಎರಡನೇ ಸಾಲಿಗೆ ನಾಲ್ಕು 'ಓ' ಅನ್ನೋದನ್ನೂ ಹಿಡಿದುಬಿಟ್ಟಳು. ಯಾರೂ ಹೇಳಿಕೊಟ್ಟಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಅದೇ ಗುನುಗು.

ಆ ಹಾಡು 1958ರದ್ದು. ಅವಳ ಅಜ್ಜಿ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದ್ದು. ಹಾಡಿದವರು ದೊಮೆನಿಕೊ ಮೊದುನ್ಯೊ. ಹಾಡಿನ ನಿಜವಾದ ಹೆಸರು 'ನೆಲ್ ಬ್ಲೂ, ದಿಪಿಂತೊ ದಿ ಬ್ಲೂ'. ಅಂದರೆ 'ನೀಲಿಯೊಳಗೆ, ನೀಲಿ ಬಳಿದುಕೊಂಡು'. ಈ ಹೆಸರು ಹೇಳಿದರೆ ಇಟಲಿಯ ಹೊರಗೆ ಎಷ್ಟೋ ಜನರಿಗೆ ಗುರುತೇ ಸಿಗುವುದಿಲ್ಲ. 'ವೊಲಾರೆ' ಅನ್ನಿ, ತಕ್ಷಣ 'ಓ ಓ' ಅಂತ ಉತ್ತರ ಬರುತ್ತದೆ. ಕವಿ ಇಟ್ಟ ಹೆಸರನ್ನು ಪಕ್ಕಕ್ಕಿಟ್ಟು, ಪಲ್ಲವಿಯ ಮೊದಲ ಪದವನ್ನೇ ಜನ ಹೆಸರು ಮಾಡಿಕೊಂಡರು. ಒಂದು ಹಾಡು ಜನರದ್ದಾಗುವುದು ಹೀಗೇ ಅಲ್ವಾ?

ಇಷ್ಟು ವರ್ಷ ಇದು ಹೇಗೆ ಉಳಿಯಿತು ಅನ್ನೋದು ನನ್ನನ್ನು ತುಂಬಾ ದಿನದಿಂದ ಕಾಡುವ ಪ್ರಶ್ನೆ. 'ಟ್ಯೂನ್ ಚೆನ್ನಾಗಿದೆ' ಅಂದುಬಿಟ್ಟರೆ ಏನೂ ಹೇಳಿದಂತಾಗುವುದಿಲ್ಲ. ಚೆನ್ನಾಗಿದ್ದ ಟ್ಯೂನುಗಳು ಸಾವಿರ ಇವೆ, ಎಷ್ಟೋ ಮರೆತೇ ಹೋಗಿವೆ. ನನಗೆ ಅನ್ನಿಸುವುದು ಇಷ್ಟು. ಈ ಹಾಡಿಗೆ ನಮ್ಮ ಹಳೇ ಮನೆಗಳ ಹಾಗೆ ಒಂದು ಜಗಲಿ ಇದೆ, ಒಂದು ಒಳಮನೆ ಇದೆ. ಜಗಲಿಯ ಮೇಲೆ ಯಾರು ಬೇಕಾದರೂ ಬಂದು ಕೂರಬಹುದು, ಭಾಷೆ ಬೇಡ, ಅರ್ಥ ಬೇಡ, ಪರಿಚಯವೂ ಬೇಡ. ಒಳಗೆ ಹೋದವರಿಗೆ ಒಂದು ವಿಚಿತ್ರವಾದ, ಚೂರು ನೋವಿನ ಕನಸು ಸಿಗುತ್ತದೆ. ಬರೀ ಜಗಲಿ ಇರುವ ಹಾಡು ಒಂದು ಬೇಸಿಗೆ ಓಡುತ್ತದೆ. ಬರೀ ಒಳಮನೆ ಇರುವ ಹಾಡನ್ನು ಕೆಲವೇ ಜನ ಪ್ರೀತಿಸುತ್ತಾರೆ. ಎರಡೂ ಇರುವುದು ಅಪರೂಪ.

ಮೊದಲು ಹಾಡು ಹುಟ್ಟಿದ ಜಾಗಕ್ಕೆ ಹೋಗೋಣ.

ಇಟಲಿಯ ವಾಯವ್ಯ ತುದಿಯಲ್ಲಿ, ಫ್ರಾನ್ಸ್ ಗಡಿಯ ಹತ್ತಿರ, ಸಮುದ್ರದ ಪಕ್ಕದಲ್ಲಿ ಸಾನ್‌ರೆಮೊ ಅನ್ನೋ ಊರಿದೆ. ಹೂವಿನ ಬೇಸಾಯಕ್ಕೆ ಹೆಸರಾದ ಊರು. ಅಲ್ಲಿನ ಕ್ಯಾಸಿನೊದಲ್ಲಿ 1951ರಲ್ಲಿ ಒಂದು ಹಾಡಿನ ಸ್ಪರ್ಧೆ ಶುರುವಾಯಿತು. ಮೊದಲ ವರ್ಷ ಒಟ್ಟು 20 ಹಾಡು. ಅಷ್ಟನ್ನೂ ಹಂಚಿಕೊಂಡು ಹಾಡಿದ್ದು ನಿಲ್ಲಾ ಪಿಜ್ಜಿ, ಅಕಿಲ್ಲೆ ತೊಲ್ಯಾನಿ, ಮತ್ತೆ ಫಸಾನೊ ಸೋದರಿಯರ ಜೋಡಿ ಮಾತ್ರ. ಪ್ರೇಕ್ಷಕರು ಮೇಜಿನ ಸುತ್ತ ಕೂತು ಊಟ ಮಾಡುತ್ತಾ ಕೇಳುತ್ತಿದ್ದರು. ಮನೆಯಲ್ಲಿದ್ದವರಿಗೆ ರೇಡಿಯೊ. 1955ರಿಂದ ಟಿವಿಯಲ್ಲೂ ಬರತೊಡಗಿತು. ಆಗ ಮನೆಮನೆಗೂ ಟಿವಿ ಎಲ್ಲಿತ್ತು? ಜನ ಬಾರಿನಲ್ಲಿ, ನೆರೆಮನೆಯಲ್ಲಿ ಗುಂಪು ಸೇರಿ ನೋಡುತ್ತಿದ್ದರು.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಆ ಸ್ಪರ್ಧೆ ಹಾಡುಗಾರರದ್ದಲ್ಲ, ಹಾಡುಗಳದ್ದು. ಮುಂದಿನ ವರ್ಷಗಳಲ್ಲಿ ಒಂದೇ ಹಾಡನ್ನು ಇಬ್ಬರು ಬೇರೆ ಬೇರೆ ಕಲಾವಿದರು, ಬೇರೆ ಬೇರೆ ವಾದ್ಯಗೋಷ್ಠಿಯ ಜೊತೆ ಹಾಡುತ್ತಿದ್ದರು. ಯಾರು ಹಾಡಿದರೂ ನಿಲ್ಲುವ ಹಾಡು ಯಾವುದು ಅಂತ ನೋಡುವ ಕ್ರಮ ಅದು. ಬರೆಯುವವರು ಬೇರೆ, ಹಾಡುವವರು ಬೇರೆ. ನಮ್ಮ ಭಾವಗೀತೆಯಲ್ಲಿ ಕವಿ ಒಬ್ಬರು, ರಾಗ ಹಾಕುವವರು ಒಬ್ಬರು, ಹಾಡುವವರು ಇನ್ನೊಬ್ಬರು ಇರುತ್ತಾರಲ್ಲ, ಹಾಗೆ. ಹಾಡು ಕಟ್ಟಿದವನೇ ವೇದಿಕೆ ಹತ್ತಿ ಹಾಡುವುದು ಆಗ ಅಪರೂಪವೇ.

ಹಾಡುಗಳಲ್ಲಿ ಏನಿರುತ್ತಿತ್ತು ಅಂದರೆ ಅಮ್ಮ, ಹೂವು, ಪಾರಿವಾಳ, ಕಣ್ಣೀರು. ಸ್ವಲ್ಪ ಒಪೆರಾದ ಗತ್ತು. ಹಾಡುಗಾರ ನೆಟ್ಟಗೆ ನಿಲ್ಲಬೇಕು, ಜಾಸ್ತಿ ಅಂದರೆ ಒಂದು ಕೈ ಎದೆಯ ಮೇಲೆ ಇಟ್ಟುಕೊಳ್ಳಬಹುದು. 1958ರ ಸ್ಪರ್ಧೆಯಲ್ಲಿ ಎರಡನೇ ಸ್ಥಾನ ಬಂದ ಹಾಡಿನ ಹೆಸರು 'ಲೆದೆರಾ'. ಹಾಗಂದರೆ ಗೋಡೆಗೆ ಅಂಟಿಕೊಂಡು ಹಬ್ಬುವ ಐವಿ ಬಳ್ಳಿ. ಪ್ರಿಯನನ್ನು ಬಳ್ಳಿಯಂತೆ ತಬ್ಬಿಕೊಂಡಿರುತ್ತೇನೆ ಅನ್ನೋ ಹಾಡು. ಅದೇ ವೇದಿಕೆಯಲ್ಲಿ ಗೆದ್ದ ಹಾಡು ನೆಲ ಬಿಟ್ಟು ಹಾರಿತು. ಒಂದೇ ವರ್ಷದಲ್ಲಿ ಹಳೇ ಇಟಲಿ ಮತ್ತು ಹೊಸ ಇಟಲಿ ಅಕ್ಕಪಕ್ಕ ನಿಂತಿದ್ದವು ಅಂತ ನನಗೆ ಈ ಎರಡು ಹಾಡು ನೋಡಿದಾಗಲೆಲ್ಲ ಅನ್ನಿಸುತ್ತದೆ.

ಹೊಸ ಇಟಲಿ ಅಂದೆ. ಯುದ್ಧದಲ್ಲಿ ಸೋತು, ಊರುಗಳು ಪುಡಿಯಾಗಿ, ಹೊಟ್ಟೆಗೆ ಇಲ್ಲದೆ ನರಳಿದ ದೇಶ ಅದು. 1950ರ ದಶಕದ ಕೊನೆಗೆ ಕಾರ್ಖಾನೆಗಳು ಓಡತೊಡಗಿದವು. 1957ರಲ್ಲಿ ಫಿಯೆಟ್ 500 ಅನ್ನೋ ಪುಟ್ಟ ಕಾರು ಬಂತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿತ್ತು, ಜನ ರಾತ್ರಿ ಆಕಾಶ ನೋಡುವ ರೀತಿಯೇ ಬದಲಾಗಿತ್ತು. ಹೆಚ್ಚುಕಡಿಮೆ ನಾಲ್ಕು ತಿಂಗಳು ಕಳೆದ ಮೇಲೆ, 1958ರ ಜನವರಿ ಕೊನೆಯಲ್ಲಿ, ಒಬ್ಬ ಮನುಷ್ಯ ಟಿವಿಯಲ್ಲಿ ನಿಂತು ಸೂರ್ಯನಿಗಿಂತ ಮೇಲೆ ಹಾರುತ್ತಿದ್ದೇನೆ ಅಂತ ಹಾಡಿದ.

ಆ ಮನುಷ್ಯ ದಕ್ಷಿಣದ ಪುಲ್ಯಾ ಪ್ರಾಂತ್ಯದವರು. 1928ರಲ್ಲಿ ಪೊಲಿನ್ಯಾನೊ ಆ ಮಾರೆ ಅನ್ನೋ ಕಡಲ ಕಡೆಯ ಊರಿನಲ್ಲಿ ಹುಟ್ಟಿದರು. ನಟನಾಗಬೇಕು ಅಂತ ರೋಮ್‌ಗೆ ಬಂದು ಅಲ್ಲಿನ ಸರ್ಕಾರಿ ಸಿನಿಮಾ ಶಾಲೆಯಲ್ಲಿ ಕಲಿತರು. ಗಿಟಾರ್ ಹಿಡಿದು ದಕ್ಷಿಣ ಇಟಲಿಯ ಆಡುಮಾತುಗಳಲ್ಲಿ ಹಾಡು ಕಟ್ಟುತ್ತಿದ್ದರು. ಅದರಲ್ಲಿ ಒಂದು ಕತ್ತಿಮೀನಿನ ಕಥೆ. ಹೆಣ್ಣು ಮೀನು ಬೆಸ್ತರ ಕೈಗೆ ಸಿಕ್ಕಾಗ ಗಂಡು ಮೀನು ಓಡಿಹೋಗದೆ ಅಲ್ಲೇ ಸುತ್ತಿ ತಾನೂ ಸಾಯುವ ಕಥೆ. ಬರೀ ಹಾಡುವುದಿಲ್ಲ, ಬೆಸ್ತರ ಕೂಗು, ಮೀನಿನ ಅಳು ಎಲ್ಲ ಗಂಟಲಲ್ಲೇ ಮಾಡಿ ತೋರಿಸುತ್ತಾರೆ. ಅಂದರೆ 'ವೊಲಾರೆ'ಗೆ ಮುಂಚೆಯೇ ಇವರು ಕಥೆ ಹೇಳುವ ಹಾಡುಗಾರ. ಇದು ಮುಖ್ಯ, ಆಮೇಲೆ ಮತ್ತೆ ಬರುತ್ತದೆ.

ಸಾಹಿತ್ಯ ಬರೆದದ್ದು ಗೆಳೆಯ ಫ್ರಾಂಕೊ ಮಿಲ್ಯಾಚ್ಚಿ. ಇವರೂ ಸಿನಿಮಾ ಕನಸು ಹೊತ್ತು ರೋಮ್‌ನಲ್ಲಿ ಅಲೆಯುತ್ತಿದ್ದವರು, ಚಿತ್ರ ಬಿಡಿಸುತ್ತಿದ್ದವರು. ಮುಂದೆ ಇಟಲಿಯ ದೊಡ್ಡ ಗೀತರಚನೆಕಾರರಲ್ಲಿ ಒಬ್ಬರಾದರು, 2023ರಲ್ಲಿ ತೀರಿಕೊಂಡರು. ಅವರು ಹೇಳುತ್ತಿದ್ದ ಕಥೆ ಹೀಗಿದೆ. ಮೊದುನ್ಯೊ ಜೊತೆ ಸಮುದ್ರಕ್ಕೆ ಹೋಗುವುದು ಅಂತ ಮಾತಾಗಿತ್ತು. ಕಾದರು, ಕಾದರು, ಗೆಳೆಯ ಬರಲಿಲ್ಲ. ಬೇಜಾರಿಗೆ ವೈನ್ ಕುಡಿದು ಮಲಗಿಬಿಟ್ಟರು. ಎದ್ದಾಗ ಎದುರಿನ ಗೋಡೆಯ ಮೇಲೆ ಮಾರ್ಕ್ ಶಗಾಲ್ ಬಿಡಿಸಿದ ಚಿತ್ರಗಳ ಪ್ರತಿಗಳು ಕಂಡವು. ಒಂದರಲ್ಲಿ ಗಾಳಿಯಲ್ಲಿ ತೇಲುತ್ತಿರುವ ಮನುಷ್ಯ, ಇನ್ನೊಂದರಲ್ಲಿ ಮುಖದ ಅರ್ಧಕ್ಕೆ ನೀಲಿ ಬಣ್ಣ ಇರುವ ಚಿತ್ರಕಾರ. ಶಗಾಲ್ ಚಿತ್ರ ನೋಡಿದವರಿಗೆ ಗೊತ್ತು, ಅವರ ಲೋಕದಲ್ಲಿ ಮದುಮಕ್ಕಳು, ಹುಂಜ, ಮೇಕೆ ಎಲ್ಲರೂ ಮನೆಯ ಮಾಡಿನ ಮೇಲೆ ಆರಾಮಾಗಿ ಹಾರಾಡುತ್ತಿರುತ್ತಾರೆ, ಅದು ಅಲ್ಲಿ ಸಹಜ. ಆ ನೀಲಿ ತಲೆಯೊಳಗೆ ಕೂತು ಬರೆಸಿದ ಸಾಲುಗಳೇ ಈ ಹಾಡಿನ ಮೊದಲ ಭಾಗ. ಆಮೇಲೆ ಇಬ್ಬರೂ ಕೂತು ತಿಂಗಳುಗಟ್ಟಲೆ ತಿದ್ದಿದರು.

ಕನಸು ಏನು ಅಂತ ಹೇಳಿಬಿಡುತ್ತೇನೆ. ಒಬ್ಬ ಹೇಳುತ್ತಾನೆ, ಇಂಥ ಕನಸು ಇನ್ನೊಮ್ಮೆ ಬೀಳಲಾರದು. ನಾನು ನನ್ನ ಕೈಗೆ, ಮುಖಕ್ಕೆ ನೀಲಿ ಬಳಿದುಕೊಳ್ಳುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಗಾಳಿ ನನ್ನನ್ನು ಎತ್ತಿಕೊಂಡು ಹೋಯಿತು, ಕೊನೆಯಿಲ್ಲದ ಆಕಾಶದಲ್ಲಿ ಹಾರತೊಡಗಿದೆ. ಆಮೇಲೆ ಪಲ್ಲವಿ. ಯೋಚನೆ ಮಾಡಿ, 1958ರಲ್ಲಿ, ಊಟದ ಮೇಜಿನ ಮುಂದೆ ಕೂತು ಪ್ರೇಮಗೀತೆ ಕೇಳಲು ಬಂದವರಿಗೆ, ಮುಖಕ್ಕೆ ನೀಲಿ ಬಣ್ಣ ಹಚ್ಚಿಕೊಂಡ ಮನುಷ್ಯನ ಕಥೆ!

ಈಗ ಜಗಲಿಯ ವಿಷಯಕ್ಕೆ ಬರೋಣ, ಅಂದರೆ ಪಲ್ಲವಿ ಹೇಗೆ ಕೆಲಸ ಮಾಡುತ್ತದೆ ಅನ್ನೋದು. ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹಾಡುವಾಗ ನಾವು ಎಳೆಯುವುದು ಸ್ವರಗಳನ್ನು. 'ಕ್' ಅನ್ನೋದನ್ನು ಎಳೆಯಲು ಆಗುವುದಿಲ್ಲ, 'ಆ' ಅನ್ನೋದನ್ನು ಉಸಿರು ಇರುವಷ್ಟೂ ಎಳೆಯಬಹುದು. ಇಟಾಲಿಯನ್ ಭಾಷೆಯ ಹೆಚ್ಚಿನ ಪದಗಳು ಸ್ವರದಲ್ಲೇ ಮುಗಿಯುತ್ತವೆ. ಈ ವಿಷಯದಲ್ಲಿ ಅದು ನಮ್ಮ ಕನ್ನಡದ ಹಾಗೆಯೇ. ನಾವು ಹೊರಗಿನ ಪದ ಬಂದರೂ ಬಾಲಕ್ಕೆ ಒಂದು ಸ್ವರ ಅಂಟಿಸಿ ಬಸ್ಸು, ಕಾರು, ಪೆನ್ನು ಅಂತ ಮಾಡಿಕೊಳ್ಳುತ್ತೇವೆ. ಬಾಯಿಗೆ ಹಾಗೇ ಹಿತ. ಅದಕ್ಕೇ ಕನ್ನಡದವರ ಬಾಯಿಗೆ ಇಟಾಲಿಯನ್ ಹಾಡು ಬೇಗ ಹತ್ತುತ್ತದೆ ಅಂತ ನನ್ನ ನಂಬಿಕೆ. ಅಕ್ಕನ ಮಗಳು ಸಾಕ್ಷಿ.

'ವೊಲಾರೆ' ಅನ್ನೋ ಪದವನ್ನೇ ಒಂದು ಸಲ ನಿಧಾನವಾಗಿ ಹೇಳಿ ನೋಡಿ. ವೊ, ಲಾ, ರೆ. ತುಟಿ ಮೊದಲು ದುಂಡಗಾಗುತ್ತದೆ, ಆಮೇಲೆ ಬಾಯಿ ಪೂರ್ತಿ ತೆರೆಯುತ್ತದೆ, ಕೊನೆಗೆ ನಗುವ ಹಾಗೆ ಅಗಲವಾಗುತ್ತದೆ. ನಡುವಿನ 'ಲಾ' ಮೇಲೆ ಒತ್ತು. ಬಾಯಿ ತುಂಬಾ ತೆರೆದಿರುವ ಹೊತ್ತಿಗೇ ದನಿ ಏರುತ್ತದೆ. ಎರಡನೇ ಸಾಲಿನ 'ಕಂತಾರೆ'ಯಲ್ಲೂ ಹಾಗೇ, ನಡುವೆ ದೊಡ್ಡ 'ತಾ'. ಮೊದಲನೆಯದು ಹಾರುವುದು, ಎರಡನೆಯದು ಹಾಡುವುದು. ಕನ್ನಡದಲ್ಲೂ ಹಾರು, ಹಾಡು ಅಂತ ಒಂದಕ್ಕೊಂದು ಎಷ್ಟು ಹತ್ತಿರ ನೋಡಿ, ಒಂದೇ ಅಕ್ಷರದ ಫರಕು.

ಇನ್ನೊಂದು ಚಿಕ್ಕ ಸೂಕ್ಷ್ಮ. ಚರಣದಲ್ಲಿ ಅವನು 'ನಾನು ಹಾರುತ್ತಿದ್ದೆ' ಅನ್ನುತ್ತಾನೆ. ಪಲ್ಲವಿಯ ಆ ಎರಡು ಪದಗಳಲ್ಲಿ 'ನಾನು' ಇಲ್ಲ, 'ನೀನು' ಇಲ್ಲ, ನಿನ್ನೆ ನಾಳೆ ಯಾವುದೂ ಇಲ್ಲ. ಬರೀ ಹಾರುವುದು, ಬರೀ ಹಾಡುವುದು. ಕ್ರಿಯಾಪದ ಯಾರಿಗೂ ಅಂಟಿಕೊಂಡಿಲ್ಲ. ಹಾಗಾಗಿ ಯಾರು ಬಾಯಿ ತೆರೆದರೂ ಅದು ಅವರದ್ದೇ. ಚರಣ ಒಬ್ಬನ ಕನಸು, ಪಲ್ಲವಿ ಎಲ್ಲರ ಆಸೆ.

ಆಮೇಲೆ ಆ 'ಓ ಓ'. ಅದು ಸುಮ್ನೆ ಜಾಗ ತುಂಬಲು ಹಾಕಿದ್ದಲ್ಲ. ಭಜನೆಯಲ್ಲಿ ಒಬ್ಬರು ಸಾಲು ಹೇಳಿ ನಿಲ್ಲಿಸುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ. ಇಲ್ಲೂ ಅದೇ ಏರ್ಪಾಡು. 'ವೊಲಾರೆ' ಅಂತ ಹಾಡುಗಾರ ಹೇಳುತ್ತಾನೆ, ಸಭೆ 'ಓ ಓ' ಅನ್ನಬೇಕು. 'ಕಂತಾರೆ' ಅನ್ನುತ್ತಾನೆ, ಈ ಸಲ ನಾಲ್ಕು. ಎರಡು ಇದ್ದದ್ದು ನಾಲ್ಕಾಗುವುದರಲ್ಲೇ ಮಜಾ ಇದೆ. ಎರಡೇ ಇದ್ದಿದ್ದರೆ ಯಾಂತ್ರಿಕ ಆಗುತ್ತಿತ್ತು. ನಾಲ್ಕು ಬರುತ್ತದೆ ಅಂತ ಗೊತ್ತಾದ ಕೂಡಲೇ ಕೇಳುಗ ಕಾಯತೊಡಗುತ್ತಾನೆ, ಕಾಯುವವನು ಆಗಲೇ ಹಾಡಿನೊಳಗೆ ಬಂದಾಯಿತು.

ಸಾಲಿನ ಕೊನೆಯ ಪ್ರಾಸವೂ ಗಮನಿಸಬೇಕಾದದ್ದೇ. ಇಟಾಲಿಯನ್ ಹಾಡು ಬರೆಯುವವರಿಗೆ ಒಂದು ಹಳೇ ತೊಂದರೆ ಇದೆ. ಅಲ್ಲಿನ ಹೆಚ್ಚಿನ ಪದಗಳಲ್ಲಿ ಒತ್ತು ಬೀಳುವುದು ಕೊನೆಯ ಅಕ್ಷರಕ್ಕಲ್ಲ, ಅದರ ಹಿಂದಿನದಕ್ಕೆ. ಆದರೆ ರಾಗದ ಸಾಲು ಎಷ್ಟೋ ಸಲ ಗಟ್ಟಿಯಾದ ಪೆಟ್ಟಿನಲ್ಲಿ ಮುಗಿಯಬೇಕು. ಅದಕ್ಕಾಗಿ ಹಳೇ ಗೀತೆಗಳಲ್ಲಿ ಪದಗಳ ಬಾಲ ಕತ್ತರಿಸಿ, 'ಕುವೊರೆ' ಅನ್ನೋದನ್ನು 'ಕುವೊರ್', 'ಅಮೊರೆ' ಅನ್ನೋದನ್ನು 'ಅಮೊರ್' ಮಾಡುತ್ತಿದ್ದರು. ಕೇಳಲು ಪುಸ್ತಕದ ಭಾಷೆ ಅನ್ನಿಸುತ್ತಿತ್ತು. ಮಿಲ್ಯಾಚ್ಚಿ ಮತ್ತು ಮೊದುನ್ಯೊ ದಿನಬಳಕೆಯ ಪದಗಳಲ್ಲೇ ಕೊನೆಗೆ ಒತ್ತು ಬರುವುದನ್ನು ಹೆಕ್ಕಿದರು. 'ಬ್ಲೂ' ಅಂದರೆ ನೀಲಿ, 'ಪ್ಯೂ' ಅಂದರೆ ಇನ್ನು, 'ಲಸ್ಸೂ' ಅಂದರೆ ಅಲ್ಲಿ ಮೇಲೆ, 'ಲಜ್ಜೂ' ಅಂದರೆ ಅಲ್ಲಿ ಕೆಳಗೆ. ಎಲ್ಲವೂ 'ಊ'ಕಾರದಲ್ಲಿ ನಿಲ್ಲುತ್ತವೆ. ಸಾಲಿನ ಕೊನೆಯ ಪದಗಳನ್ನು ಕತ್ತರಿಸದೆ ಆಡುಮಾತಿನಲ್ಲೇ ಹಾಡು ಸಲೀಸಾಗಿ ಹರಿಯಿತು. ಹಾಡಿನ ತುಂಬಾ ನೀಲಿ ಇರುವುದಕ್ಕೆ ಶಗಾಲ್ ಅರ್ಧ ಕಾರಣ, ಉಳಿದರ್ಧ ಈ ಪ್ರಾಸ ಇರಬೇಕು ಅಂತ ನನ್ನ ಊಹೆ.

ಇದೆಲ್ಲ ಕಾಗದದ ಮೇಲಿನ ಲೆಕ್ಕ. ವೇದಿಕೆಯ ಮೇಲೆ ನಡೆದದ್ದೇ ಬೇರೆ. ಮೊದುನ್ಯೊ ಪಲ್ಲವಿಗೆ ಬಂದಾಗ ಎರಡೂ ತೋಳುಗಳನ್ನು ಅಗಲವಾಗಿ ಚಾಚಿದರು, ರೆಕ್ಕೆಯ ಹಾಗೆ. ಕೈ ಎದೆಯ ಮೇಲೆ ಇಟ್ಟುಕೊಂಡು ಹಾಡುವ ಜಾಗದಲ್ಲಿ ಅದೊಂದು ದೊಡ್ಡ ವಿಷಯ. ನಟನಾಗಿ ಕಲಿತ ಮೈ, ಕತ್ತಿಮೀನಿನ ಕಥೆ ಹೇಳಿ ಪಳಗಿದ ಗಂಟಲು, ಎರಡೂ ಅಲ್ಲಿ ಕೆಲಸಕ್ಕೆ ಬಂದವು. ಶುರುವಿನ ಸಾಲುಗಳನ್ನು ಅವರು ಹಾಡುವುದು ಹೆಚ್ಚುಕಡಿಮೆ ಮಾತಾಡಿದ ಹಾಗೆ, ಎದುರಿಗೆ ಕೂತವರಿಗೆ ಬೆಳಗಿನ ಕಾಫಿಯ ಹೊತ್ತಲ್ಲಿ ರಾತ್ರಿ ಬಿದ್ದ ಕನಸು ಹೇಳಿದ ಹಾಗೆ. ಪಲ್ಲವಿ ಬಂದಾಗ ಒಮ್ಮೆಲೇ ಕದ ತೆಗೆದಂತಾಗುತ್ತದೆ. ಆ ತಗ್ಗು ಇಲ್ಲದಿದ್ದರೆ ಈ ಏರಿಗೆ ಬೆಲೆ ಇರುತ್ತಿರಲಿಲ್ಲ. ಅದೇ ಸ್ಪರ್ಧೆಯಲ್ಲಿ ಇದೇ ಹಾಡನ್ನು ಇನ್ನೊಬ್ಬ ಯುವ ಗಾಯಕ ಜಾನಿ ದೊರೆಲ್ಲಿಯೂ ಹಾಡಿದರು. ಹಾಡು ಗೆದ್ದಿತು, ಆದರೆ ದೇಶದ ಕಣ್ಣಲ್ಲಿ ಉಳಿದದ್ದು ಚಾಚಿದ ಆ ತೋಳುಗಳು. ಹಾಡು ಕಟ್ಟಿ ತಾವೇ ಹಾಡುವವರಿಗೆ ಇಟಲಿಯಲ್ಲಿ ಮುಂದೆ 'ಕಂತೌತೊರೆ' ಅಂತ ಒಂದು ಪದವೇ ಹುಟ್ಟಿತು. ಆ ಪರಂಪರೆಯ ಮೂಲಪುರುಷ ಅಂತ ಮೊದುನ್ಯೊ ಅವರನ್ನೇ ಕರೆಯುತ್ತಾರೆ.

ಗೆದ್ದ ಹಾಡು ಯೂರೋವಿಷನ್ ಅನ್ನೋ ಯುರೋಪಿನ ದೇಶಗಳ ಹಾಡಿನ ಸ್ಪರ್ಧೆಗೆ ಹೋಯಿತು. 1958ರ ಮಾರ್ಚ್ 12, ನೆದರ್ಲೆಂಡ್ಸ್‌ನ ಹಿಲ್ವರ್ಸಮ್ ಊರು, 10 ದೇಶಗಳು. ಮೊದುನ್ಯೊ ಮೊದಲಿಗರಾಗಿ ಹಾಡಿದರು. ಪ್ರಸಾರದಲ್ಲಿ ತೊಂದರೆಯಾಗಿ ಕೆಲವು ದೇಶಗಳಿಗೆ ಅದು ಕಾಣಿಸಲೇ ಇಲ್ಲ. ಹಾಗಾಗಿ ಎಲ್ಲರದೂ ಮುಗಿದ ಮೇಲೆ ಮತ್ತೊಮ್ಮೆ ಹಾಡಬೇಕಾಯಿತು. ಅಷ್ಟಾಗಿ ಬಂದದ್ದು ಮೂರನೇ ಸ್ಥಾನ, 13 ಅಂಕ. ಗೆದ್ದದ್ದು ಫ್ರಾನ್ಸಿನ ಆಂದ್ರೆ ಕ್ಲಾವೊ, 27 ಅಂಕ, ಮೆಲ್ಲಗೆ ಜೋಗುಳದಂತೆ ಸಾಗುವ ಹಾಡು. ಆಗಿನ ಪದ್ಧತಿಯಲ್ಲಿ ಒಂದೊಂದು ದೇಶದ 10 ತೀರ್ಪುಗಾರರು ತಮಗೆ ಅತಿ ಇಷ್ಟವಾದ ಒಂದೇ ಒಂದು ಹಾಡಿಗೆ ಒಂದು ಮತ ಹಾಕಬೇಕಿತ್ತು. ಎರಡನೇ ಮೆಚ್ಚುಗೆಗೆ ಅಲ್ಲಿ ಜಾಗವಿಲ್ಲ. ಆದರೆ ತೀರ್ಪುಗಾರರು ಕೇಳುವುದು ಒಂದು ರಾತ್ರಿ, ಜನ ಕೇಳುವುದು ವರ್ಷಗಟ್ಟಲೆ. 2005ರಲ್ಲಿ ಆ ಸ್ಪರ್ಧೆಗೆ 50 ತುಂಬಿದಾಗ ಕೋಪನ್‌ಹೇಗನ್‌ನಲ್ಲಿ ಎಲ್ಲ ಕಾಲದ ಮೆಚ್ಚಿನ ಹಾಡು ಯಾವುದು ಅಂತ ಮತ ಹಾಕಿಸಿದರು. ಆಬ್ಬಾ ತಂಡದ 'ವಾಟರ್‌ಲೂ' ಮೊದಲು ಬಂತು, 'ವೊಲಾರೆ' ಎರಡನೆಯದು. ಅಂದು ಅದನ್ನು ಸೋಲಿಸಿದ ಹಾಡನ್ನು ಇಂದು ಗುನುಗುವವರು ಎಷ್ಟು ಜನ?

ಅಮೆರಿಕದ ಕಥೆ ಇನ್ನೂ ಆಶ್ಚರ್ಯದ್ದು. ಬಿಲ್‌ಬೋರ್ಡ್ ಪತ್ರಿಕೆ ಅಲ್ಲಿಯವರೆಗೆ ಅಂಗಡಿ ಮಾರಾಟಕ್ಕೆ ಒಂದು, ರೇಡಿಯೊಗೆ ಒಂದು ಅಂತ ಬೇರೆ ಬೇರೆ ಪಟ್ಟಿ ಹಾಕುತ್ತಿತ್ತು. 1958ರ ಆಗಸ್ಟ್ 4ರಂದು ಎಲ್ಲ ಸೇರಿಸಿ 'ಹಾಟ್ 100' ಅನ್ನೋ ಹೊಸ ಪಟ್ಟಿ ಶುರು ಮಾಡಿತು. ಆ ಪಟ್ಟಿಯ ತುದಿಗೆ ಏರಿದ ಎರಡನೇ ಹಾಡೇ ಇದು, ಆಗಸ್ಟ್ 18ರಂದು. ಒಂದು ವಾರ ಇಳಿದು ಮತ್ತೆ ಏರಿ, ಒಟ್ಟು ಐದು ವಾರ ಅಲ್ಲಿ ನಿಂತಿತು. ಪೂರ್ತಿ ಇಟಾಲಿಯನ್‌ನಲ್ಲಿ ಹಾಡಿದ್ದು, ಎಲ್ವಿಸ್ ಪ್ರೆಸ್ಲಿಯ ಕಾಲದಲ್ಲಿ! 1959ರ ಮೇ ತಿಂಗಳಲ್ಲಿ ಮೊಟ್ಟಮೊದಲ ಗ್ರ್ಯಾಮಿ ಪ್ರಶಸ್ತಿ ಕೊಟ್ಟಾಗ 'ವರ್ಷದ ರೆಕಾರ್ಡ್' ಮತ್ತು 'ವರ್ಷದ ಹಾಡು' ಎರಡೂ ಇದಕ್ಕೇ ಬಂದವು. ರೆಕಾರ್ಡ್ ವಿಭಾಗದಲ್ಲಿ ಎದುರಿಗಿದ್ದವರು ಫ್ರ್ಯಾಂಕ್ ಸಿನಾಟ್ರಾ, ಪೆಗ್ಗಿ ಲೀ, ಪೆರಿ ಕೋಮೊ ಅಂಥವರು.

ಇದರಲ್ಲಿ ಹಾಡಿನ ಗುಣದ ಜೊತೆಗೆ ಕಾಲವೂ ಸೇರಿಕೊಂಡಿದೆ, ಅದನ್ನು ಮರೆಮಾಚಬಾರದು. ಅಮೆರಿಕದಲ್ಲಿ ಇಟಲಿಯಿಂದ ಹೋಗಿ ನೆಲೆಸಿದವರ ದೊಡ್ಡ ಸಮುದಾಯವೇ ಇತ್ತು. ಜೊತೆಗೆ ಆಗಿನ ವ್ಯಾಪಾರದ ಕ್ರಮವೂ ಅನುಕೂಲಕ್ಕೆ ಬಂತು. ಒಂದು ಹಾಡು ಹಿಟ್ ಆದರೆ ಅದೇ ವಾರಗಳಲ್ಲಿ ಐದಾರು ಜನ ಅದನ್ನೇ ಹಾಡಿ ರೆಕಾರ್ಡ್ ಬಿಡುತ್ತಿದ್ದರು, ಯಾರದು ಮಾರಾಟವಾದರೂ ಹಾಡಿನ ಪ್ರಕಾಶಕರಿಗೆ ಲಾಭ. ಡೀನ್ ಮಾರ್ಟಿನ್ ಅವರ ರೆಕಾರ್ಡ್ ಹಾಗೆ ಅದೇ ವರ್ಷ ಬಂತು. ಅವರ ಅಪ್ಪ ಇಟಲಿಯಿಂದ ವಲಸೆ ಹೋದವರು, ಅವರ ಹುಟ್ಟು ಹೆಸರೇ ದೀನೊ ಕ್ರೊಚೆಟ್ಟಿ. ಇಂಗ್ಲಿಷ್ ಸಾಹಿತ್ಯ ಮಿಚೆಲ್ ಪ್ಯಾರಿಷ್ ಅವರದ್ದು. ಅದರಲ್ಲಿ ಮುಖಕ್ಕೆ ಬಣ್ಣ ಬಳಿದುಕೊಳ್ಳುವವನು ಇಲ್ಲ. ನಿನ್ನ ಪ್ರೀತಿ ನನಗೆ ರೆಕ್ಕೆ ಕೊಟ್ಟಿದೆ, ಬಾ ಮೋಡಗಳಾಚೆ ಹೋಗೋಣ ಅನ್ನೋ ಸಲೀಸಾದ ಪ್ರೇಮಗೀತೆ ಅದು. ಒಳಮನೆಗೆ ಬೀಗ ಹಾಕಿ ಜಗಲಿಯನ್ನು ಮಾತ್ರ ಚೆಂದ ಮಾಡಿದರು. ನನಗೆ ಆ ದನಿ ಇಷ್ಟ, ಆದರೆ ಕನಸು ಹೋದದ್ದಕ್ಕೆ ಬೇಜಾರಿದೆ.

ಹಾಗಿದ್ದೂ ಒಂದನ್ನು ಯಾರೂ ಮುಟ್ಟಲಿಲ್ಲ. ಇಂಗ್ಲಿಷ್‌ನವರು ಚರಣ ಬದಲಾಯಿಸಿದರು, 'ವೊಲಾರೆ', 'ಕಂತಾರೆ' ಹಾಗೇ ಉಳಿಸಿಕೊಂಡರು. 1989ರಲ್ಲಿ ಜಿಪ್ಸಿ ಕಿಂಗ್ಸ್ ತಂಡ ಇದನ್ನು ಗಿಟಾರ್, ಚಪ್ಪಾಳೆಯ ರುಂಬಾ ಮಾಡಿತು. ಇವರು ದಕ್ಷಿಣ ಫ್ರಾನ್ಸಿನವರು, ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ಓಡಿಬಂದ ರೋಮಾನಿ ಕುಟುಂಬಗಳ ಮಕ್ಕಳು. ಅವರು ಕನಸಿನ ಸಾಲುಗಳನ್ನು ಸ್ಪ್ಯಾನಿಷ್‌ಗೆ ತಂದರು, ಬಣ್ಣ ಬಳಿದುಕೊಳ್ಳುವವನು ಮರಳಿ ಬಂದ. ಆದರೆ ಪಲ್ಲವಿ ಇಟಾಲಿಯನ್‌ನಲ್ಲೇ ಇದೆ. ಸ್ಪ್ಯಾನಿಷ್‌ನಲ್ಲಿ ಹಾರುವುದಕ್ಕೆ 'ವೊಲಾರ್' ಅನ್ನುತ್ತಾರೆ, ಎಷ್ಟು ಹತ್ತಿರದ ಪದ! ಆದರೂ ಅದನ್ನು ಹಾಕಲಿಲ್ಲ. 'ರ್' ಅಂತ ನಿಂತರೆ ಕದ ಮುಚ್ಚಿದ ಹಾಗೆ, 'ರೆ' ಅಂದರೆ ತೆರೆದೇ ಇರುತ್ತದೆ. ಬಾಲದ ಆ ಒಂದು ಸ್ವರಕ್ಕೆ ಎಷ್ಟು ಬೆಲೆ ಇದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಪುರಾವೆ ನನಗೆ ಗೊತ್ತಿಲ್ಲ. ನಮ್ಮಲ್ಲೂ ಈ ಹಾಡನ್ನು ಮೊದಲು ಕೇಳಿದವರಲ್ಲಿ ಕೆಲವರು ಕೇಳಿದ್ದು ಈ ಗಿಟಾರ್ ರೂಪವನ್ನೇ. ನಾನೂ ಹಾಗೇ, ತುಂಬಾ ದಿನ ಇದು ಸ್ಪೇನಿನ ಹಾಡು ಅಂತಲೇ ತಿಳಿದಿದ್ದೆ.

ನಡುವೆ ಇನ್ನೂ ಎಷ್ಟೋ ಜನ. 1960ರಲ್ಲಿ ಬಾಬಿ ರೈಡೆಲ್ ಹದಿಹರೆಯದವರ ಕುಣಿತಕ್ಕೆ ಹೊಂದಿಸಿದರು. 1970ರ ದಶಕದಲ್ಲಿ ಅಲ್ ಮಾರ್ಟಿನೊ ಡಿಸ್ಕೊ ಮಾಡಿದರು. 1980ರ ದಶಕದಲ್ಲಿ ಡೇವಿಡ್ ಬೋವಿ ಒಂದು ಸಿನಿಮಾಕ್ಕಾಗಿ ಇಟಾಲಿಯನ್‌ನಲ್ಲೇ ಹಾಡಿದರು. ಪ್ಲಿಮತ್ ಕಂಪನಿ 1976ರಲ್ಲಿ 'ವೊಲಾರೆ' ಅಂತ ಒಂದು ಕಾರನ್ನೇ ಬಿಟ್ಟಿತು. ಕಾರು ಕೆಲವೇ ವರ್ಷಕ್ಕೆ ನಿಂತಿತು. ಲಂಡನ್ನಿನ ಆರ್ಸೆನಲ್ ಫುಟ್ಬಾಲ್ ಅಭಿಮಾನಿಗಳು ಪ್ಯಾಟ್ರಿಕ್ ವಿಯೆರಾ ಆಡುವಾಗ 'ವಿಯೆರಾ, ಓ ಓ' ಅಂತ ಇದೇ ರಾಗದಲ್ಲಿ ಕೂಗುತ್ತಿದ್ದರು. ಮೂರು ಅಕ್ಷರದ ಹೆಸರು, ಪದದ ಜಾಗದಲ್ಲಿ ಅಚ್ಚುಕಟ್ಟಾಗಿ ಕೂತಿತು. ಸ್ಟೇಡಿಯಂನಲ್ಲಿ ಸಾವಿರಾರು ಜನ ಪರಿಚಯವಿಲ್ಲದೆ ಒಟ್ಟಿಗೆ ಹಾಡಬೇಕಾದರೆ ಬೇಕಾಗುವುದು ಇಂಥದ್ದೇ ಪಲ್ಲವಿ.

2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಇಟಲಿ ಬಾಗಿಲು ಹಾಕಿಕೊಂಡಿತ್ತು. ಮಾರ್ಚ್ 20ರ ಬೆಳಿಗ್ಗೆ 11 ಗಂಟೆಗೆ ಅಲ್ಲಿನ ರೇಡಿಯೊ ಕೇಂದ್ರಗಳೆಲ್ಲ ಸೇರಿ ಒಂದೇ ಹೊತ್ತಿಗೆ ರಾಷ್ಟ್ರಗೀತೆಯನ್ನೂ ಮೂರು ಹಾಡುಗಳನ್ನೂ ಹಾಕಿದವು. ಆ ಮೂರರಲ್ಲಿ ಇದೂ ಒಂದು. ಮನೆಯಿಂದ ಹೊರಗೆ ಕಾಲಿಡಲಾಗದ ಜನರಿಗೆ ಹಾರುವ ಹಾಡು.

ಈಗ ಒಳಮನೆಯ ಕೊನೆಯ ಕೋಣೆ. ನನಗೆ ಈ ಹಾಡು ಹತ್ತಿರವಾದದ್ದು ಇದರಿಂದಲೇ.

ಎಲ್ಲ ಕನಸುಗಳೂ ಬೆಳಗಾಗುವಾಗ ಕರಗುತ್ತವೆ, ಚಂದ್ರ ಮುಳುಗುತ್ತಾ ಅವನ್ನು ಜೊತೆಗೇ ಒಯ್ಯುತ್ತಾನೆ ಅಂತ ಹಾಡಿನ ನಡುವೆ ಒಂದು ಸಾಲು ಬರುತ್ತದೆ. ಹಾರಾಟ ಮುಗಿಯಿತು ಅಂದುಕೊಳ್ಳುತ್ತೇವೆ. ಆದರೆ ಅವನು ಹೇಳುತ್ತಾನೆ, ನನ್ನ ಕನಸು ನಿಂತಿಲ್ಲ, ನಿನ್ನ ಕಣ್ಣಲ್ಲಿ ಮುಂದುವರಿದಿದೆ, ಆ ಕಣ್ಣೂ ನಕ್ಷತ್ರ ತುಂಬಿದ ಆಕಾಶದಷ್ಟೇ ನೀಲಿ. ಮತ್ತೆ ಪಲ್ಲವಿ. ಕೇಳುವವರಿಗೆ ಅದೇ ರಾಗ, ಅದೇ 'ಓ ಓ'. ಆದರೆ ಮಾತು ಬದಲಾಗಿದೆ. ಮೊದಲು 'ಲಸ್ಸೂ' ಇದ್ದ ಜಾಗದಲ್ಲಿ ಈಗ 'ಕ್ವಜ್ಜೂ' ಇದೆ. 'ಅಲ್ಲಿ ಮೇಲೆ ಇರುವುದೇ ಸುಖ' ಅಂದವನು ಈಗ 'ಇಲ್ಲಿ ಕೆಳಗೆ, ನಿನ್ನ ಜೊತೆ ಇರುವುದೇ ಸುಖ' ಅನ್ನುತ್ತಾನೆ. ಪ್ರಾಸ ಅದೇ ಊಕಾರ, ಹಾಗಾಗಿ ಗಮನ ಕೊಡದಿದ್ದರೆ ತಪ್ಪಿಹೋಗುತ್ತದೆ. ಹಾರುವ ಹಾಡು ಅಂತ ಲೋಕವೆಲ್ಲ ಹಾಡುವ ಈ ಹಾಡು ಕೊನೆಯಾಗುವುದು ನೆಲದ ಮೇಲೆ.

ಆ ವರ್ಷಗಳಲ್ಲಿ ದಕ್ಷಿಣ ಇಟಲಿಯ ಹಳ್ಳಿಗಳು ಖಾಲಿಯಾಗುತ್ತಿದ್ದವು. ಗಂಡಸರು ತುರಿನೊ, ಮಿಲಾನೊದ ಕಾರ್ಖಾನೆಗಳಿಗೆ, ಜರ್ಮನಿಗೆ, ಬೆಲ್ಜಿಯಂನ ಗಣಿಗಳಿಗೆ ಹೋಗುತ್ತಿದ್ದರು. 1956ರಲ್ಲಿ ಬೆಲ್ಜಿಯಂನ ಮಾರ್ಸಿನೆಲ್ ಗಣಿಯಲ್ಲಿ ಬೆಂಕಿ ಬಿದ್ದು ಸತ್ತ 262 ಜನರಲ್ಲಿ 136 ಮಂದಿ ಇಟಲಿಯವರು. ಹಾಡಿನಲ್ಲಿ ಇದರ ಮಾತೇ ಇಲ್ಲ, ಇದೆ ಅಂತ ನಾನು ಎಳೆದು ಹೇಳುವುದೂ ಇಲ್ಲ. ಆದರೆ ನೆಲದಡಿಯಲ್ಲಿ ದುಡಿಯುವ ಮಕ್ಕಳಿದ್ದ ಮನೆಗಳಲ್ಲಿ ರೇಡಿಯೊ ಈ ಹಾಡು ಹಾಡಿದಾಗ, ಅವರಿಗೆ ಆಕಾಶವೂ ಬೇಕಿತ್ತು, ತಮ್ಮವರ ಜೊತೆ 'ಇಲ್ಲಿ ಕೆಳಗೆ' ಇರುವುದೂ ಬೇಕಿತ್ತು.

ಮೊದುನ್ಯೊ ಮುಂದೆ ಇನ್ನೂ ಮೂರು ಸಲ ಸಾನ್‌ರೆಮೊ ಗೆದ್ದರು. 1984ರಲ್ಲಿ ಪಾರ್ಶ್ವವಾಯು ಹೊಡೆಯಿತು. ಚೇತರಿಸಿಕೊಳ್ಳುತ್ತಾ 1987ರಲ್ಲಿ ಸಂಸತ್ತಿಗೆ ಆರಿಸಿ ಬಂದು, ಸಿಸಿಲಿಯ ಅಗ್ರಿಜೆಂತೊ ಊರಿನ ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಹಾಕಿದ್ದವರ ಪರವಾಗಿ ದನಿ ಎತ್ತಿದರು. ಹುಟ್ಟೂರಿನ ಜೊತೆ ಅವರಿಗೆ ಹಳೇ ಮುನಿಸಿತ್ತು. ಹೆಸರು ಮಾಡುವ ದಿನಗಳಲ್ಲಿ ಅವರು ಸಿಸಿಲಿಯವರು ಅಂತಲೇ ಪ್ರಚಾರವಾಗಿತ್ತು, ಊರಿನವರಿಗೆ ಅದು ಚುಚ್ಚಿತ್ತು. 1993ರಲ್ಲಿ ಪೊಲಿನ್ಯಾನೊಗೆ ಮರಳಿ, ಊರಿನ ಕ್ಷಮೆ ಕೇಳಿ ಹಾಡಿದರು. ಮರುವರ್ಷ ಆಗಸ್ಟ್ 6ರಂದು ಲಾಂಪೆದೂಜಾ ದ್ವೀಪದಲ್ಲಿ ತೀರಿಕೊಂಡರು.

ಈಗ ಪೊಲಿನ್ಯಾನೊದ ಕಡಲ ದಂಡೆಯಲ್ಲಿ ಅವರ ಕಂಚಿನ ಪ್ರತಿಮೆ ಇದೆ. ಬೆನ್ನ ಹಿಂದೆ ಸಮುದ್ರ, ಮೇಲೆ ಆಕಾಶ, ಎರಡೂ ತೋಳು ಅಗಲ. ನೋಡಲು ಬಂದವರು ಫೋಟೊ ತೆಗೆಸಿಕೊಳ್ಳಲು ಪಕ್ಕದಲ್ಲಿ ನಿಲ್ಲುತ್ತಾರೆ, ಕೈ ತಾನಾಗಿಯೇ ಚಾಚಿಕೊಳ್ಳುತ್ತದೆ.